ಒಂಬತ್ತು ಚೀಟಿ ಎಲ್ಲಿ ಹೋದವು

ನನಗಾಗ ಹತ್ತೊಂಬತ್ತು ವರ್ಷ. ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಬುದ್ಧಿ ಎಲ್ಲಿತ್ತೋ ಇವತ್ತಿಗೂ ಹೇಳಲಾರೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಮುಂಬಯಿಯ ವಿಲೆ ಪಾರ್ಲೆಯ ಒಂದು ಚಾಳಿನಲ್ಲಿ ಎರಡು ಖೋಲಿಯ ಸಂಸಾರ ನಮ್ಮದು. ಆ ವರ್ಷ ನಾನೊಂದು ಕಾನೂನು ಬರೆದೆ. ನಗಬೇಡಿ. ದೇಶದ ಕಾನೂನಲ್ಲ, ನಮ್ಮ ಕನ್ನಡ ಸಂಘದ ಕಾನೂನು. ಆದರೂ ಕಾನೂನು ಕಾನೂನೇ ಅಲ್ಲವೇ? ಚುನಾವಣೆ ಮುಗಿದ ಮೇಲೆ ಮತದ ಚೀಟಿಗಳನ್ನು ಇನ್ನೊಮ್ಮೆ, ಬೇರೆಯವರು, ಕೈಯಿಂದಲೇ ಎಣಿಸತಕ್ಕದ್ದು ಅಂತ ಬರೆದೆ, ಸಭೆಯಲ್ಲಿ ಗಂಟಲು ಹರಿದುಕೊಂಡು ಪಾಸೂ ಮಾಡಿಸಿದೆ. ಕಾಲೇಜಿನಲ್ಲಿ ಒಂದು ಪೇಪರ್ ಫೇಲಾಗಿದ್ದವಳು ಕಾನೂನು ಪಾಸು ಮಾಡಿಸಿದಳು ಅಂತ ಅಪ್ಪ ಸಿಕ್ಕಸಿಕ್ಕವರಿಗೆಲ್ಲ ಹೇಳಿದರು.

ಸಂಘಕ್ಕೆ ಇದ್ದದ್ದು ಒಂದೇ ಖೋಲಿ. ಹಳಿಯ ಪಕ್ಕದ ಹಳೇ ಬಿಲ್ಡಿಂಗಿನ ತಳಮಹಡಿ, ಎರಡು ಕಿಟಕಿ, ಒಂದು ಫ್ಯಾನು. ಲೋಕಲ್ ರೈಲು ಹಾದುಹೋದಾಗೆಲ್ಲ ಗೋಡೆಯ ಮೇಲಿನ ಕ್ಯಾಲೆಂಡರ್ ನಡುಗುತ್ತಿತ್ತು. ಸಂಜೆ ಆರರಿಂದ ಏಳೂವರೆಯವರೆಗೆ ಆ ಖೋಲಿ ನನ್ನ ಅತ್ಯಾನದು. ಅತ್ಯಾ ಅಂದರೆ ಅಪ್ಪನ ಅಕ್ಕ, ಧಾರವಾಡದಲ್ಲಿ ಓದಿದವಳು, ಮದುವೆಯ ಗೊಡವೆಗೆ ಹೋಗದೆ ನಮ್ಮ ಜೊತೆಗೇ ಇದ್ದವಳು. ಹಗಲು ಮುನಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದಳು. ಸಂಜೆಯಾದರೆ ಸಾಂತಾಕ್ರೂಜಿನ ಕಡೆ ಏಳುತ್ತಿದ್ದ ಕಟ್ಟಡಗಳಲ್ಲಿ ಇಟ್ಟಿಗೆ, ಗಾರೆ ಹೊರುವ ಹೆಣ್ಣುಮಕ್ಕಳು ಕೈಕಾಲು ತೊಳೆದುಕೊಂಡು ಬಂದು ಅವಳ ಮುಂದೆ ಚಾಪೆಯ ಮೇಲೆ ಕೂರುತ್ತಿದ್ದರು. ಇಪ್ಪತ್ತೆರಡು ಜನ, ಎಲ್ಲರೂ ವಿಜಾಪುರ ಜಿಲ್ಲೆಯವರು. ಬಸ್ಸಿನ ಬೋರ್ಡು ಓದಬೇಕು, ಊರಿಗೆ ತಾವೇ ಕಾಗದ ಬರೆಯಬೇಕು, ಕೂಲಿ ಹಂಚುವ ಮೇಸ್ತ್ರಿ ಮುಕಾದಮನ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವುದು ಬಿಟ್ಟು ಸಹಿ ಮಾಡಬೇಕು. ಇಷ್ಟೇ ಅವರ ಆಸೆ. ಅತ್ಯಾ ಅವರನ್ನೆಲ್ಲ ಸಂಘದ ಸದಸ್ಯರನ್ನಾಗಿಯೂ ಮಾಡಿಬಿಟ್ಟಿದ್ದಳು. ಅದು ಕೆಲವರಿಗೆ ನುಂಗಲಾರದ ತುತ್ತಾಗಿತ್ತು.

ಆ ವರ್ಷ ಕಾರ್ಯದರ್ಶಿಯ ಜಾಗಕ್ಕೆ ಅತ್ಯಾನ ಎದುರು ನಿಂತವರು ಬ್ಯಾಂಕಿನ ಕಾಕಾ. ಬೆಳಗಾವಿಯವರು, ಬ್ಯಾಂಕಿನಲ್ಲಿ ಕ್ಯಾಶಿಯರು, ಇಸ್ತ್ರಿ ಮಾಡದ ಶರ್ಟು ಹಾಕಿದ್ದನ್ನು ಯಾರೂ ನೋಡಿದವರಿಲ್ಲ. ಅವರ ತಲೆಯಲ್ಲಿ ಒಂದು ಟೇಬಲ್ ಟೆನಿಸ್ ಮೇಜು ಕೂತಿತ್ತು. “ನಮ್ಮ ಹುಡುಗ್ರು ಕನ್ನಡ ಮಾತಾಡೂದ ಬಿಟ್ಟಾವ. ಪುಸ್ತಕಕ್ಕ ಬರೂದಿಲ್ಲ, ಭಾಷಣಕ್ಕ ಬರೂದಿಲ್ಲ. ಆಟಕ್ಕಾದ್ರೂ ಈ ಖೋಲಿಗೆ ಬರ್ಲಿ” ಎನ್ನುತ್ತಿದ್ದರು. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವರು ಟೇಪು ಹಿಡಿದು ಖೋಲಿಯನ್ನು ಅಳೆದ ದಿನ ನಾನು ಅಲ್ಲೇ ಇದ್ದೆ. ಮೇಜು ಬಂತೆಂದರೆ ಸುತ್ತಲೂ ಹುಡುಗರು ನಿಂತು ಬ್ಯಾಟು ಬೀಸಲಿಕ್ಕಷ್ಟೇ ಜಾಗ. ಚಾಪೆ ಹಾಸಲಿಕ್ಕೆ ಒಂದು ಗೇಣೂ ಇಲ್ಲ. ಮೇಜು ಬಂದರೆ ಅತ್ಯಾನ ಶಾಲೆ ಮುಗಿಯಿತು, ಅಷ್ಟೇ. ಮುಂಬಯಿಯಲ್ಲಿ ಇನ್ನೊಂದು ಖೋಲಿ ಎಲ್ಲಿಂದ ತರುವುದು?

ಮತದಾನ ಒಂದು ಭಾನುವಾರ. ಅತ್ಯಾನ ಗುರುತು ಕಂದೀಲು, ಕಾಕಾನ ಗುರುತು ಛತ್ರಿ. ಚಿತ್ರ ಎರಡನ್ನೂ ನಾನೇ ಬರೆದು ಸೈಕ್ಲೋಸ್ಟೈಲ್ ಮಾಡಿಸಿದ್ದೆ. ಛತ್ರಿ ಸ್ವಲ್ಪ ಅಣಬೆಯ ಹಾಗೆ ಬಂದಿತ್ತು, ಬೇಕಂತಲೇ ಮಾಡಿದ್ದಲ್ಲ, ದೇವರಾಣೆ. ಸಂಘದ ಅಧ್ಯಕ್ಷರು ನಿವೃತ್ತ ಪೋಸ್ಟ್‌ಮಾಸ್ತರು. ಅವರು ಒಂದು ದೊಡ್ಡ ಬಿಸ್ಕೀಟಿನ ಡಬ್ಬಿಗೆ ಸೀಳು ಕೊರೆದು ಮತಪೆಟ್ಟಿಗೆ ಮಾಡಿಟ್ಟಿದ್ದರು. ಒಬ್ಬೊಬ್ಬರಿಗೆ ಒಂದೊಂದು ಚೀಟಿ, ಕೊಟ್ಟದ್ದಕ್ಕೆಲ್ಲ ಪಟ್ಟಿಯಲ್ಲಿ ಗುರುತು. ಸಂಜೆ ಹೊತ್ತಿಗೆ ನೂರಾ ಅರವತ್ತೊಂದು ಚೀಟಿ ಕೊಟ್ಟಾಗಿತ್ತು. ಅತ್ಯಾನ ಹೆಣ್ಣುಮಕ್ಕಳು ಇಪ್ಪತ್ತೆರಡೂ ಜನ ಹಬ್ಬದ ಸೀರೆ ಉಟ್ಟು ಬಂದಿದ್ದರು. ಅವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಕ್ಕ ಅಂತಲೇ ಕರೆಯುತ್ತಿದ್ದರು. ಐವತ್ತರ ಆಸುಪಾಸು, ತಲೆಯ ಮೇಲೆ ಬುಟ್ಟಿ ಇಲ್ಲದಾಗಲೂ ಕುತ್ತಿಗೆ ನೆಟ್ಟಗೆ. ಚೀಟಿ ಹಾಕಿ ಡಬ್ಬಿಯನ್ನು ಒಮ್ಮೆ ಅಲ್ಲಾಡಿಸಿ, “ಬಿತ್ತಲ್ರಿ ಒಳಗ?” ಎಂದು ಅಧ್ಯಕ್ಷರನ್ನೇ ಕೇಳಿದಳು. “ಬಿತ್ತವ್ವಾ, ನಡಿ” ಎಂದರು ಅವರು.

ಎಣಿಕೆಗೆ ಎರಡು ಮೇಜು. ಮೊದಲು ಎಲ್ಲರೆದುರು ಕಂದೀಲಿನ ಚೀಟಿ ಒಂದು ಕಡೆ, ಛತ್ರಿಯ ಚೀಟಿ ಒಂದು ಕಡೆ ಬೇರೆ ಮಾಡಿದರು. ಛತ್ರಿಯ ಮೇಜಿನಲ್ಲಿ ಅಧ್ಯಕ್ಷರೇ ಎಣಿಸಿ ತಾವೇ ಬರೆದುಕೊಳ್ಳುವುದು. ಕಂದೀಲಿನ ಮೇಜಿಗೆ ಎಣಿಸಲಿಕ್ಕೆ ಕಿರಾಣಿ ಸಾವಕಾರರನ್ನು ಕೂರಿಸಿದರು. ಅವರದು ಆಂಟಾಪ್ ಹಿಲ್ಲಿನ ಕಾಲೊನಿಯಲ್ಲಿ ಜೋಳ, ಗೋದಿ, ಬೇಳೆಯ ಅಂಗಡಿ. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲದ ಮನುಷ್ಯ. ಅವರು ಹೇಳಿದಂತೆ ಕಾಗದದ ಮೇಲೆ ಗೀಟು ಹಾಕಲಿಕ್ಕೆ ಒಬ್ಬರು ಬೇಕಿತ್ತು. “ನಮ್ಮ ಕಂದೀಲಿನ ಮೇಜಿಗೆ ನಮ್ಮವರೇ ಇರಬೇಕು, ನಾನೇ ಕೂರ್ತೀನಿ!” ಎಂದು ಹಟ ಹಿಡಿದೆ. ಅತ್ಯಾ ಬೇಡವೇ ಹುಡುಗಿ ಎಂದು ಕಣ್ಣಲ್ಲೇ ಹೇಳಿದಳು. ನಾನು ನೋಡಿದರೂ ನೋಡದ ಹಾಗೆ ಪೆನ್ಸಿಲಿನ ಮೊನೆ ಚೂಪು ಮಾಡಿಕೊಂಡು ಕೂತೆ.

ಸಾವಕಾರರ ಎಣಿಕೆ ಒಂದು ಹಾಡು ಇದ್ದ ಹಾಗೆ. ಹತ್ತು ಹತ್ತರ ಲೆಕ್ಕ. ಪ್ರತಿ ಸಲ “ಲಾಭ!” ಎಂದು ದನಿ ಎತ್ತಿ ಶುರು, ಆಮೇಲೆ “ಎರಡ, ಮೂರ, ನಾಕ, ಐದ” ಎಂದು ಓಡುತ್ತಾ ಹತ್ತಕ್ಕೆ ಬಂದು ನಿಲ್ಲುವುದು, ಚೀಟಿಗಳನ್ನು ಡಬ್ಬಿಗೆ ಹಾಕಿ ಮತ್ತೆ “ಲಾಭ!” ಅವರ ಬಾಯಿ ಓಡಿದಂತೆ ನನ್ನ ಪೆನ್ಸಿಲು ಓಡಿತು. ನಾಲ್ಕು ಗೀಟು ನೆಟ್ಟಗೆ, ಐದನೆಯದು ಅಡ್ಡ. ಆಹಾ, ನನ್ನ ಗೀಟುಗಳ ಅಂದ ಏನು, ಓರಣ ಏನು! ನೋಡಿದವರೆಲ್ಲ ಹೊಗಳಿದರು.

ಅಧ್ಯಕ್ಷರು ಕನ್ನಡಕ ಏರಿಸಿ ಓದಿದರು: ಛತ್ರಿ ಎಪ್ಪತ್ತೇಳು, ಕಂದೀಲು ಎಪ್ಪತ್ತೈದು.

ಎರಡು ಮತ. ಬರೀ ಎರಡು ಮತದಲ್ಲಿ ಅತ್ಯಾ ಸೋತಳು. ಅಷ್ಟರಲ್ಲಿ ಕಾಕಾನೇ ಕೂಡಿಸಿ ನೋಡಿ, “ಅರೇ, ನೂರಾ ಐವತ್ತೆರಡ ಆತಲ್ಲ? ಕೊಟ್ಟಿದ್ದು ನೂರಾ ಅರವತ್ತೊಂದ. ಒಂಬತ್ತು ಚೀಟಿ ಎಲ್ಲಿ ಹೋದ್ವು?” ಎಂದರು. ಎಲ್ಲರೂ ಮೇಜಿನ ಕೆಳಗೆ ಬಗ್ಗಿದರು. ಚಾಪೆ ಝಾಡಿಸಿದರು. ಒಬ್ಬರು ಫ್ಯಾನಿನ ಮೇಲೂ ನೋಡಿದರು, ಯಾಕೆಂದು ಆ ದೇವರೇ ಬಲ್ಲ. ಹಿಂದಿನಿಂದ ಒಂದು ದನಿ ಬಂತು: “ಆ ಗಾರೆ ಕೆಲಸದ ಹೆಂಗಸ್ರಿಗೆ ಏನ್ ತಿಳೀತದ? ಡಬ್ಬಿಗೆ ಹಾಕ್ರಿ ಅಂದ್ರ ಸೆರಗಿಗೆ ಕಟ್ಕೊಂಡು ಹೋಗಿರ್ತಾರ.” ಕೆಲವರು ನಕ್ಕರು. ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಕ್ಕ ಮಾತ್ರ, “ನಾ ಹಾಕೀನ್ರಿ. ಡಬ್ಬಿ ಅಳ್ಳಾಡಿಸಿ ನೋಡೀನಿ” ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಸುಮ್ಮನಿರುತ್ತೇನೆಯೇ? ಎದ್ದು ನಿಂತು ಕಾಕಾನ ಕಡೆ ಬೆರಳು ತೋರಿಸಿ ಚೀರಿದೆ. ನನ್ನ ಆಗಿನ ಕನ್ನಡವನ್ನು ನೀವು ಕೇಳಬೇಕಿತ್ತು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಇಂಗ್ಲಿಷ್ ಶಾಲೆ, ಮನೆಯ ಕನ್ನಡ ನಾಲ್ಕಾಣೆ, ಉಳಿದದ್ದು ಹಿಂದಿ ಮರಾಠಿ. ಈಗ ನೀವು ಓದುತ್ತಿರುವ ಕನ್ನಡ ಆಮೇಲೆ ಬೆವರು ಸುರಿಸಿ ಕಲಿತದ್ದು. “ಕಾಕಾ, ಇದು ಪೂರಾ ಚೋರಿ! ನಮ್ಮ ಒಂಬತ್ತು ಚೀಟಿ ಗಾಯಬ್ ಮಾಡಿದ್ದು ನೀವೇ! ಫಿರ್ಸೆ ಎಣಿಸಿ!” ಕಾಕಾನ ಮುಖ ಕೆಂಪಾಯಿತು. ಆದರೂ ದನಿ ಏರಿಸಲಿಲ್ಲ. “ಬಘಾ, ನೋಡು, ಮತ್ತೊಮ್ಮೆ ಎಣಸಬೇಕಂತ ನಿಯಮಾವಳಿಯೊಳಗ ಎಲ್ಲೆ ಅದ, ತೋರ್ಸು. ಇಲ್ಲಂದ್ರ ಎಣಸಂಗಿಲ್ಲ” ಎಂದರು. ಅಧ್ಯಕ್ಷರು ನಿಯಮಾವಳಿಯ ಪುಸ್ತಕವನ್ನು ಹಿಂದೆ ಮುಂದೆ ಮಗುಚಿ ಹಾಕಿದರು. ನಿಜ, ಎಲ್ಲೂ ಇರಲಿಲ್ಲ. ಚೀಟಿಗಳನ್ನು ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಬಟ್ಟೆ ಸುತ್ತಿ, ಅರಗು ಕರಗಿಸಿ ಐದು ಕಡೆ ಮುದ್ರೆ ಒತ್ತಿದರು. ಪೋಸ್ಟಾಫೀಸಿನ ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೆ ಅರಗು ಕೈಗೆ ಸಿಕ್ಕಿದ್ದಕ್ಕೆ ಅವರ ಮುಖ ಅರಳಿತ್ತು. ಡಬ್ಬಿ ಅವರ ಮಂಚದ ಕೆಳಗೆ ಹೋಯಿತು. ಟೇಬಲ್ ಟೆನಿಸ್ ಮೇಜು ಮುಂದಿನ ತಿಂಗಳ ಮೊದಲ ಭಾನುವಾರ ಬರುತ್ತದೆ ಎಂದು ತಿಳಿಯಿತು. ನಾಲ್ಕು ವಾರ ಬಾಕಿ.

ನಿಯಮ ಇಲ್ಲವೇ? ಹಾಗಾದರೆ ನಿಯಮ ಮಾಡಿದರಾಯಿತು! ಆ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ, ಅಷ್ಟು ಹುರುಪು. ಬೆಳಗಾಗುತ್ತಲೇ ಕಾಲೇಜಿನ ಜರ್ನಲ್ಲಿನ ಹಾಳೆ ಹರಿದು ಬರೆಯಲಿಕ್ಕೆ ಕೂತೆ. ಅವ್ವ ಅವಲಕ್ಕಿ ಒಗ್ಗರಣೆ ಹಾಕುತ್ತಾ, “ಏನ ಬರ್ಲಿಕತ್ತಿ?” ಎಂದಳು. “ಕಾನೂನು” ಎಂದೆ. “ಬರದಾದ ಮ್ಯಾಲೆ ತಾಟು ತೊಳಿ” ಎಂದಳು. ನಿಯಮಾವಳಿಯಲ್ಲಿ ಕಲಂ ಹದಿನಾಲ್ಕು ಚುನಾವಣೆಯದು. ನನ್ನದು ಹದಿನಾಲ್ಕು ಅ. ನಾನು ಹಿಂದಿ ಬೆರೆಸಿ ಹೇಳಿದ್ದನ್ನು ಅತ್ಯಾ ಚಂದದ ಕನ್ನಡದಲ್ಲಿ ತಿದ್ದಿಕೊಟ್ಟಳು: ಫಲಿತಾಂಶ ಓದಿ ಹೇಳಿದ ಮೇಲೆ ಎಲ್ಲ ಚೀಟಿಗಳನ್ನು ಸದಸ್ಯರ ಎದುರಿನಲ್ಲಿ ಇನ್ನೊಮ್ಮೆ ಕೈಯಿಂದ ಎಣಿಸತಕ್ಕದ್ದು, ಮೊದಲು ಎಣಿಸಿದವರು, ಬರೆದುಕೊಂಡವರು ಎರಡನೆಯ ಸಲ ಚೀಟಿ ಮುಟ್ಟತಕ್ಕದ್ದಲ್ಲ, ಒಬ್ಬ ಅಭ್ಯರ್ಥಿಯ ಚೀಟಿಯನ್ನು ಎದುರಾಳಿಯೇ ಎಣಿಸತಕ್ಕದ್ದು. ಈ ಕೊನೆಯದು ನನ್ನದೇ ತಲೆ. ಕಳ್ಳನ ಕೈಯಲ್ಲೇ ಎಣಿಸೋಣ, ಎಲ್ಲರೂ ಕಣ್ಣಿಟ್ಟು ನೋಡಲಿ, ಬೆರಳು ನಡುಗುತ್ತದೋ ಇಲ್ಲವೋ ತಿಳಿಯುತ್ತದೆ ಎಂಬ ಲೆಕ್ಕ.

“ಅವರು ಕಳ್ಳರಲ್ಲ” ಎಂದಳು ಅತ್ಯಾ.

“ಮತ್ತೆ ಯಾರು?”

“ನನಗ ಗೊತ್ತಿಲ್ಲ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಬೇಕು.”

ಇಷ್ಟಾದ ಮೇಲಾದರೂ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಚೀಟಿಗಳನ್ನು ಹೆಂಗಸರು ಒಯ್ದರು ಎಂದ ಆ ಹಿಂದಿನ ದನಿ ನನ್ನ ತಲೆಯಲ್ಲಿ ಗುಂಗಿಹುಳದ ಹಾಗೆ ಸುತ್ತುತ್ತಿತ್ತು. ಒಂದು ವೇಳೆ ನಿಜವಾಗಿದ್ದರೆ? ಒಂದು ಚೀಟಿ ಸಿಕ್ಕರೂ ಸಾಕು, ಇದು ಅತ್ಯಾನ ಮತ ಎಂದು ಹಿಡಿದು ತೋರಿಸಬಹುದಲ್ಲ! ಮನೆಯಲ್ಲಿ ಯಾರಿಗೂ ಹೇಳದೆ ಸಾಂತಾಕ್ರೂಜಿನ ಕಟ್ಟಡದ ಕೆಲಸದ ಜಾಗಕ್ಕೆ ಹೋದೆ. ಮಧ್ಯಾಹ್ನದ ಊಟದ ಹೊತ್ತು. ಮೂವತ್ತು ನಲವತ್ತು ಜನ ಮರಳಿನ ಗುಡ್ಡೆಯ ಸುತ್ತ ಕೂತು ರೊಟ್ಟಿ ಬಿಚ್ಚಿದ್ದರು. ಅವರೆಲ್ಲರ ನಡುವೆ ನಿಂತು ದೊಡ್ಡಕ್ಕನನ್ನು ಕೇಳಿದೆ, ಚೀಟಿಯನ್ನು ಎಲ್ಲಾದರೂ ಇಟ್ಟುಕೊಂಡಿದ್ದೀರಾ ಎಂದು.

“ನಾ ಯಾಕ ಇಟ್ಕೊಳ್ಳಿ ತಂಗಿ? ಡಬ್ಯಾಗ ಹಾಕೀನಿ.”

“ನಿಮ್ಮ ಚಂಚಿಯೊಳಗೆ ಒಮ್ಮೆ ನೋಡಿ. ಮರೆತಿರಬಹುದು.”

ಚಂಚಿ ಅಂದರೆ ಎಲೆ ಅಡಿಕೆ ಇಟ್ಟುಕೊಳ್ಳುವ ಬಟ್ಟೆಯ ಚೀಲ, ಅವಳ ಸೊಂಟದಲ್ಲಿ ಸದಾ ಇರುತ್ತಿತ್ತು. ಅವಳು ರೊಟ್ಟಿ ಪಕ್ಕಕ್ಕಿಟ್ಟು ಚಂಚಿ ಬಿಚ್ಚಿ ಒಂದೊಂದೇ ತೆಗೆದಳು. ಅಡಿಕೆ, ಸುಣ್ಣದ ಡಬ್ಬಿ, ಬಾಡಿದ ಎಲೆ, ಮಡಚಿದ ಒಂದು ಕಾಗದ. ನಾನು ಹದ್ದಿನ ಹಾಗೆ ಆ ಕಾಗದದ ಮೇಲೆ ಎರಗಿದೆ. ಬಿಡಿಸಿದರೆ ಕಂದೀಲೂ ಇಲ್ಲ, ಛತ್ರಿಯೂ ಇಲ್ಲ. ಅವಳ ಹೆಸರು. ಅವಳೇ ಬರೆದದ್ದು, ಹನ್ನೆರಡು ಸಲ, ಒಂದರ ಕೆಳಗೊಂದು. ಸುತ್ತ ಕೂತವರಲ್ಲಿ ಯಾರೋ, “ಏನ್ ಕದ್ದಾಳ?” ಎಂದು ಕೇಳಿದರು. ನಾನು ಏನೋ ತೊದಲಿ ಅಲ್ಲಿಂದ ಓಟ ಕಿತ್ತೆ. ಅತ್ಯಾನಿಗೆ ಸುದ್ದಿ ಮುಟ್ಟಿದಾಗ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ಎರಡು ದಿನ ಮನೆಯಲ್ಲಿ ಉಪ್ಪಿಟ್ಟಿಗೂ ರುಚಿ ಇರಲಿಲ್ಲ.

ಆದರೆ ಸಭೆ ಬಂತಲ್ಲ, ನಾನು ಮತ್ತೆ ಗಾಳಿಯಲ್ಲಿ ತೇಲಿದೆ. ಮೂರನೆಯ ಭಾನುವಾರ ವಿಶೇಷ ಸಾಮಾನ್ಯ ಸಭೆ, ನಿಯಮ ತಿದ್ದಲಿಕ್ಕೆ ಮೂರರಲ್ಲಿ ಎರಡು ಪಾಲು ಜನ ಕೈ ಎತ್ತಬೇಕು. ನಾನು ಕಲಂ ಹದಿನಾಲ್ಕು ಅ ಓದಿದೆ. ಆಮೇಲೆ ಶುರುವಾಯಿತು ನೋಡಿ! ಒಬ್ಬರು ಎದ್ದು, “ಕೈಯಿಂದ ಅಂತ ಯಾಕ ಬರದೀರಿ? ಹ್ವಾದಸಲ ಏನ್ ಕಾಲಿಂದ ಎಣಿಸಿದ್ವೇನು?” ಎಂದರು. ಇನ್ನೊಬ್ಬರು ಎಡಗೈಯಿಂದ ಚೀಟಿ ಮುಟ್ಟುವುದು ಮತದಾರರಿಗೆ ಅಗೌರವ, ಬಲಗೈ ಎಂದೇ ಸೇರಿಸಬೇಕು ಎಂದರು. ಎಡಗೈಯಲ್ಲಿ ಹಿಡಿಯದೆ ಬಲಗೈಯಿಂದ ಎಣಿಸುವುದು ಹೇಗೆ, ಮಾಡಿ ತೋರಿಸಿ ಎಂದು ಕಾಕಾ ಸವಾಲು ಹಾಕಿದರು. ಆ ಬಲಗೈಯವರು ಸಭೆಯ ನೋಟೀಸಿನ ಹಾಳೆಗಳನ್ನು ಹಿಡಿದು ಮಾಡಿ ತೋರಿಸಲಿಕ್ಕೆ ಹೋದರು, ಹಾಳೆಗಳೆಲ್ಲ ನೆಲದ ಮೇಲೆ ಹರಡಿದವು. ಆಮೇಲೆ ಎಂಜಲಿನ ಪ್ರಶ್ನೆ ಎದ್ದಿತು. ಹಾಳೆ ಎಣಿಸುವಾಗ ಬೆರಳನ್ನು ನಾಲಿಗೆಗೆ ಹಚ್ಚುತ್ತಾರಲ್ಲ, ಅದು ನಡೆಯುವುದಿಲ್ಲ, ಮತ ಪವಿತ್ರ, ಅದಕ್ಕೆ ಎಂಜಲು ಹಚ್ಚಬಾರದು! ಈ ಒಂದು ಮಾತಿಗೆ ಇಡೀ ಸಭೆ ಒಂದಾಯಿತು. ಛತ್ರಿಯವರು, ಕಂದೀಲಿನವರು, ಎಲ್ಲರೂ ಹೌದು ಹೌದು ಎಂದರು. “ಎಣಿಸುವವರ ಪಕ್ಕದಲ್ಲಿ ಒಂದು ಬಟ್ಟಲು ನೀರು ಇಡತಕ್ಕದ್ದು” ಎಂದು ಸೇರಿಸಿದೆವು. ನನ್ನ ಕಾನೂನಿನಲ್ಲಿ ಒಮ್ಮತದಿಂದ ಪಾಸಾದದ್ದು ಆ ನೀರಿನ ಬಟ್ಟಲು ಒಂದೇ.

ಇವತ್ತು ಮಾಡಿದ ನಿಯಮ ಹಿಂದಿನ ಚುನಾವಣೆಗೆ ಹೇಗೆ ಹತ್ತುತ್ತದೆ, ಹೇಗೆ ಅನ್ವಯಿಸುತ್ತದೆ ಎಂದು ಯಾರೋ ತಕರಾರು ತೆಗೆದರು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಆಗ ಕಾಕಾ ಎದ್ದರು. “ಈ ಹುಡುಗಿ ಮೂರು ವಾರದಿಂದ ನನ್ನ ಕಳ್ಳ ಅನ್ನಾಕತ್ತಾಳ. ಹತ್ಲಿ. ಇವತ್ತ ಎಣಸೋಣ. ನಿಯಮ ಆತಲ್ಲ, ಮುಗೀತು” ಎಂದು ಕೂತರು. ಕೈಗಳು ಎದ್ದವು. ಇಪ್ಪತ್ತೆರಡು ಹೆಣ್ಣುಮಕ್ಕಳ ಕೈಗಳೂ ಎದ್ದವು, ಬಳೆಗಳ ಸದ್ದು ಲೋಕಲ್ಲಿನ ಸದ್ದನ್ನೂ ಮೀರಿಸಿತು. ಪಾಸು! ನಾನು ಕುರ್ಚಿಯ ಮೇಲೆ ಹತ್ತಿ ಕುಣಿದೆ. ಕುರ್ಚಿಯ ಒಂದು ಕಾಲು ಮುರಿಯಿತು. ಯಾರಿಗೆ ಬೇಕು ಕುರ್ಚಿ!

ಅಧ್ಯಕ್ಷರು ಮನೆಗೆ ಓಡಿ ಡಬ್ಬಿ ತಂದರು. ಐದೂ ಮುದ್ರೆ ನೆಟ್ಟಗಿದ್ದವು. ಒಬ್ಬೊಬ್ಬರನ್ನೂ ಕರೆದು ತೋರಿಸಿದರು. ನೀರಿನ ಬಟ್ಟಲು ಬಂತು. ಕಾನೂನಿನ ಪ್ರಕಾರ ಕಾಕಾ ಕಂದೀಲಿನ ಚೀಟಿ ಹಿಡಿದರು, ಅತ್ಯಾ ಛತ್ರಿಯದು. ಮೊದಲ ಸಲ ಎಣಿಸಿದ ನಾವು ಮೂವರು, ಅಧ್ಯಕ್ಷರು, ಸಾವಕಾರರು, ನಾನು, ಗೋಡೆಗೆ ಒರಗಿ ನಿಂತೆವು. ಕಾಕಾನ ಬೆರಳುಗಳನ್ನು ನೋಡಬೇಕಿತ್ತು! ಫರ್ ಫರ್ ಫರ್ ಎಂದು ಹಾರಿದವು. ನಡುಗಲಿಲ್ಲ. ಮುಗಿಸಿದರು. ಮತ್ತೆ ಎಣಿಸಿದರು. ಮೂರನೆಯ ಸಲ ಎಣಿಸಿದರು.

“ಎಂಬತ್ತನಾಕು” ಎಂದರು.

ಅತ್ಯಾ ತನ್ನ ಕಡೆಯದನ್ನು ಎಣಿಸಿ, “ಎಪ್ಪತ್ತೇಳು” ಎಂದಳು. ಕೂಡಿಸಿದರೆ ನೂರಾ ಅರವತ್ತೊಂದು. ಒಂದು ಚೀಟಿಯೂ ಎಲ್ಲೂ ಹೋಗಿರಲಿಲ್ಲ! ಒಂಬತ್ತೂ ಡಬ್ಬಿಯೊಳಗೇ ಇದ್ದವು, ಅಷ್ಟೂ ಕಂದೀಲು. ಏಳು ಮತದಿಂದ ಗೆದ್ದಳು ಅತ್ಯಾ, ಉಳಿಯಿತು ಶಾಲೆ! ಅವಳನ್ನು ಅಪ್ಪಿಕೊಂಡು ಗರಗರ ತಿರುಗಿಸಿದೆ. ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು. ಯಾರೋ ಚಹಾ ತರಲಿಕ್ಕೆ ಓಡಿದರು. ಆ ಗದ್ದಲದಲ್ಲೂ ನಾನು ಕಾಕಾನ ಕಡೆ ತಿರುಗಿ, “ಈಗ ಹೇಳಿ! ಹೇಗೆ ಮುಚ್ಚಿಟ್ಟಿರಿ?” ಎಂದೆ. ಅಯ್ಯೋ, ನನ್ನ ಬಾಯಿಗೆ ಯಾರಾದರೂ ಅದೇ ಅರಗಿನ ಮುದ್ರೆ ಒತ್ತಬೇಕಿತ್ತು.

ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. “ನಾ ಸೋತೀನಿ. ಒಪ್ಪಿದೆ. ಆದ್ರ ತಪ್ಪು ಎಲ್ಲೆ ಆತು ಅಂತ ಸಿಗೂತನಕ ನಾ ಮನಿಗೆ ಹೋಗೂ ಮನಷ್ಯಾ ಅಲ್ಲ. ಸಾವಕಾರ್ರ, ನೀವು ಅವತ್ತ ಹೆಂಗ ಎಣಿಸಿದ್ರಿ, ಹಂಗ ಎಣಸ್ರಿ. ಹುಡುಗಿ, ನೀನೂ ಕೂಡು, ಗೀಟು ಹಾಕು.” ಚೀಟಿ ಮುಟ್ಟಬಾರದೆಂದು ನನ್ನ ಕಾನೂನಿತ್ತಲ್ಲ, ಅದಕ್ಕೆ ಬೆಂಕಿಪೊಟ್ಟಣದ ಹತ್ತು ಕಡ್ಡಿ ತಂದರು.

“ಲಾಭ!” ಎಂದರು ಸಾವಕಾರರು, ಒಂದು ಕಡ್ಡಿ ಆಚೆಗಿಟ್ಟರು. ನನ್ನ ಪೆನ್ಸಿಲು ಗಾಳಿಯಲ್ಲಿ ಕಾಯುತ್ತಿತ್ತು. “ಎರಡ” ಎಂದರು. ಒಂದು ಗೀಟು ಹಾಕಿದೆ.

“ನಿಲ್ಲು” ಎಂದರು ಕಾಕಾ. “ಎರಡು ಕಡ್ಡಿ ಆದ್ವು. ಗೀಟು ಯಾಕ ಒಂದು?”

“ಅವರು ಎರಡು ಅಂದಾಗ ಹಾಕಿದೆನಲ್ಲ. ಅದಕ್ಕೂ ಮುಂಚೆ ಲಾಭ ಅಂದದ್ದು ದೇವರ ಹೆಸರಿನ ಹಾಗೆ, ಶುರು ಮಾಡಲಿಕ್ಕೆ…”

ಖೋಲಿಯಲ್ಲಿದ್ದವರೆಲ್ಲ ನನ್ನನ್ನು ನೋಡುತ್ತಿದ್ದರು, ಆಕಾಶದಿಂದ ಉದುರಿದವಳನ್ನು ನೋಡುವ ಹಾಗೆ. ಸಾವಕಾರರಂತೂ ಬಾಯಿ ತೆರೆದವರು ಮುಚ್ಚಲೇ ಇಲ್ಲ. ಕೊನೆಗೆ ಅತ್ಯಾನೇ ಮೆಲ್ಲಗೆ ಹೇಳಿದಳು: ನಮ್ಮ ಕಡೆ ಕಾಳು ಅಳೆಯುವಾಗ ಮೊದಲನೆಯ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ರಾಶಿ ಹೆಚ್ಚಲಿ ಅಂತ. ಲಾಭ ಅಂದರೇನೇ ಒಂದು. ಊರಿನ ಕೂಸಿಗೂ ಗೊತ್ತು. ಇಪ್ಪತ್ತೆರಡು ಹೆಣ್ಣುಮಕ್ಕಳಿಗೂ ಗೊತ್ತು. ಅಂಗಡಿಯಿಂದ ಪೊಟ್ಟಣದಲ್ಲಿ ಹಿಟ್ಟು ತಂದು ಬೆಳೆದ ನನಗೊಬ್ಬಳಿಗೆ ಗೊತ್ತಿರಲಿಲ್ಲ. ಎಂಬತ್ತನಾಲ್ಕು ಚೀಟಿ ಅಂದರೆ ಎಂಟು ಹತ್ತು, ಮೇಲೊಂದು ನಾಲ್ಕು. ಒಂಬತ್ತು ಸಲ ಅವರು ಲಾಭ ಎಂದಿದ್ದರು. ಒಂಬತ್ತು ಸಲ ನಾನು ಪೆನ್ಸಿಲೆತ್ತಿ, ಭಕ್ತಿಯಿಂದ ತಲೆ ಬಾಗಿಸಿ, ಸುಮ್ಮನೆ ಕೂತಿದ್ದೆ. ಚೀಟಿ ಕದ್ದವಳು ನಾನು. ಅತ್ಯಾನನ್ನು ಸೋಲಿಸಿದವಳು ನಾನು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ನಂದೇ ತಪ್ಪು” ಎಂದೆ. ಅಳುತ್ತಲೇ ಅವರ ಕಡೆ ತಿರುಗಿದೆ. “ಕಾಕಾ, ನನ್ನದು ತಪ್ಪಾಯಿತು.”

ಮೊದಲು ನಕ್ಕವರು ಕಾಕಾ. ಹಾಗೆ ನಕ್ಕಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ; ಇಸ್ತ್ರಿಯ ಶರ್ಟು ಮುದುಡಿಹೋಗುವಂತೆ ಮೇಜು ಹಿಡಿದುಕೊಂಡು ನಕ್ಕರು. ಅವರ ಹಿಂದೆ ಇಡೀ ಖೋಲಿ ನಕ್ಕಿತು. ಸಾವಕಾರರು ಹೊಟ್ಟೆ ಹಿಡಿದುಕೊಂಡರು. ಅಧ್ಯಕ್ಷರು ಕೆಮ್ಮು ಹತ್ತಿ ನೀರಿನ ಬಟ್ಟಲನ್ನೇ ಎತ್ತಿ ಕುಡಿದುಬಿಟ್ಟರು. ಅಳುತ್ತಿದ್ದ ನನಗೂ ತಡೆಯಲಾಗಲಿಲ್ಲ. ಅತ್ಯಾನ ಹೆಗಲ ಮೇಲೆ ತಲೆಯಿಟ್ಟು ಅಳುತ್ತಲೇ ನಕ್ಕೆ. ಚಹಾ ಬಂತು, ಯಾರೋ ಭಜಿ ತರಿಸಿದರು, ಮೇಜಿನ ಆರ್ಡರನ್ನು ಕ್ಯಾನ್ಸಲ್ ಮಾಡಿಸುತ್ತೇನೆಂದು ಕಾಕಾನೇ ಹೇಳಿದರು, ಸೋತವರು ಗೆದ್ದವರೆಲ್ಲ ಒಂದೇ ತಾಟಿಗೆ ಕೈ ಹಾಕಿದರು.

ನಗದೇ ಇದ್ದವಳು ಒಬ್ಬಳೇ. ದೊಡ್ಡಕ್ಕ ಬಾಗಿಲ ಹತ್ತಿರ ನಿಂತಿದ್ದಳು. ನನಗೆ ಆಗ ನೆನಪಾಯಿತು. ಭಜಿ ಕೈಯಲ್ಲೇ ಉಳಿಯಿತು. ಅವಳ ಹತ್ತಿರ ಹೋದೆ.

“ದೊಡ್ಡಕ್ಕ, ನಿಮ್ಮ ಚೀಟಿ ಡಬ್ಬಿಯಲ್ಲೇ ಇತ್ತು. ನಂದು ತಪ್ಪಾಯಿತು, ಎಲ್ಲರ ಮುಂದೆ ಹೇಳ್ತೀನಿ, ಈಗಲೇ ಹೇಳ್ತೀನಿ” ಎಂದು ಖೋಲಿಯ ಕಡೆ ತಿರುಗಿದೆ.

ಅವಳು ನನ್ನ ರಟ್ಟೆ ಹಿಡಿದಳು. ಇಟ್ಟಿಗೆ ಹೊತ್ತ ಕೈ, ಬಿಗಿಯಾಗಿತ್ತು. “ಇಲ್ಲಿ ಬ್ಯಾಡ ತಂಗಿ. ಇವ್ರ್ಯಾರು ನನ್ನ ಚಂಚಿ ಬಿಚ್ಚಿಸಿದ್ದು ನೋಡಿಲ್ಲ. ನೋಡಿದಾವ್ರು ಅಲ್ಲಿ ಅದಾರ. ಮೂರು ವಾರ ಆತು, ನನಗ ಚೀಟಿಯವ್ವ ಅಂತ ಕರಿಯಾಕತ್ತಾರ. ನಾಳೆ ಊಟದ ಹೊತ್ತಿಗೆ ಅಲ್ಲಿಗೆ ಬಾ.”

ಮರುದಿನ ಸೋಮವಾರ. ಕಾಲೇಜು ಬಿಟ್ಟು ಹೋದೆ. ಸ್ಟೇಷನ್ನಿನಿಂದ ನಡೆಯುವಾಗ ಕಾಲುಗಳು ಎರಡು ಸಲ ಹಿಂದಕ್ಕೆ ತಿರುಗಿದವು, ಸುಳ್ಳು ಯಾಕೆ ಹೇಳಲಿ. ಅದೇ ಮರಳಿನ ಗುಡ್ಡೆ, ಅವೇ ಜನ, ಅವೇ ರೊಟ್ಟಿಯ ಗಂಟುಗಳು. ಮುಕಾದಮನೂ ಇದ್ದ. ನನ್ನನ್ನು ಕಂಡ ಕೂಡಲೇ ಒಬ್ಬ, “ಬಂದ್ಲು ನೋಡು, ಇವತ್ತ ಯಾರ ಚಂಚಿ?” ಎಂದ. ನಾನು ದೊಡ್ಡಕ್ಕನ ಪಕ್ಕ ನಿಂತೆ. ಹಿಂದಿನ ರಾತ್ರಿ ಅತ್ಯಾನ ಹತ್ತಿರ ಚಂದದ ಮಾತು ಬರೆಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. ಇದ್ದಬದ್ದ ನಾಲ್ಕಾಣೆ ಕನ್ನಡದಲ್ಲೇ ಹೇಳಿದೆ.

“ಈಕೆ ಏನೂ ಕದ್ದಿಲ್ಲ. ಚೀಟಿ ಡಬ್ಬಿಯೊಳಗೇ ಹಾಕಿದ್ದರು. ಎಣಿಸಲಿಕ್ಕೆ ಬರದವಳು ನಾನು. ಚಂಚಿ ಬಿಚ್ಚಿಸಿದ್ದು ನನ್ನ ತಪ್ಪು.”

ಮುಗಿಯಿತು ಅಂದುಕೊಂಡು ಕಣ್ಣೀರು ಒರೆಸಿಕೊಂಡೆ, ಹೊರಡಲಿಕ್ಕೆ ತಿರುಗಿದೆ. ದೊಡ್ಡಕ್ಕ ಕತ್ತೆತ್ತಿ ಮೇಲೆ ನೋಡುತ್ತಿದ್ದಳು. ನಾಲ್ಕನೆಯ ಮಹಡಿಯ ಬಿದಿರಿನ ಸಾರುವೆಯ ಮೇಲೆ ಏಳೆಂಟು ಜನ ಕಾಲು ಇಳಿಬಿಟ್ಟುಕೊಂಡು ಊಟ ಮಾಡುತ್ತಿದ್ದರು.

“ಮ್ಯಾಲಿನವ್ರಿಗೆ ಕೇಳಿಸಿಲ್ಲ” ಎಂದಳು. “ಮತ್ತೊಮ್ಮೆ ಹೇಳು.”

ನಾನು ಮುಖ ಮೇಲೆತ್ತಿದೆ. ಬಾಯಿಯ ಸುತ್ತ ಎರಡೂ ಕೈ ಹಿಡಿದುಕೊಂಡೆ. ಮೊದಲಿನಿಂದ ಶುರುಮಾಡಿ, ಒಂದು ಮಾತೂ ಬಿಡದೆ, ಗಂಟಲು ಬಿಚ್ಚಿ ಕೂಗಿದೆ.